ಟ್ರ್ಯಾಕ್ ಬೇರೆ, ರಸ್ತೆ ಬೇರೆ

ಮಣ್ಣಿನ ಟ್ರ್ಯಾಕ್ ಮೇಲೆ ಬೈಕ್ ಹಾರೋದನ್ನ ಮೊಬೈಲ್‌ನಲ್ಲಿ ನೋಡಿದ ಸೇಡಂ, ಚಿತ್ತಾಪುರದ ಹುಡುಗರಿಗೆ ತಾವೂ ಹಾಗೇ ಓಡಿಸಬೇಕು ಅಂತ ಆಸೆ. ತಪ್ಪಲ್ಲ. ಆದರೆ ಆ ಆಟ ಹೇಗೆ ನಡೆಯುತ್ತೆ, ನೋಡಿ.

ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊದಲ ಸೀಸನ್ 2024ರಲ್ಲಿ ಪುಣೆ, ಅಹಮದಾಬಾದ್, ಬೆಂಗಳೂರಿನಲ್ಲಿ ನಡೆಯಿತು. ಪ್ರತಿ ರೇಸಿಗೂ ಪಾಯಿಂಟ್. ಎಲ್ಲ ಕೂಡಿಸಿದಾಗ ಯಾವ ತಂಡ ಮುಂದೋ ಅದೇ ಚಾಂಪಿಯನ್. ಅಲ್ಲಿ ಎದುರಿಂದ ಲಾರಿ ಬರಲ್ಲ.

ಆದರೂ ಈ ಆಟದಲ್ಲಿ ಅಪಾಯ ತಪ್ಪಿದ್ದಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. 2021ರಲ್ಲಿ ಅದೇ ಡಕಾರ್‌ನಲ್ಲಿ, ಸೌದಿ ಮರುಭೂಮಿಯಲ್ಲಿ ಬಿದ್ದರು. ತಲೆಗೆ ಪೆಟ್ಟು. ಹೆಲ್ಮೆಟ್ ಇತ್ತು, ಹೆಲಿಕಾಪ್ಟರ್ ಬಂತು, ಜೀವ ಉಳಿಯಿತು.

ವಾಡಿ, ಶಹಾಬಾದ್ ಕಡೆ ಸಿಮೆಂಟ್ ಲಾರಿಗಳ ನಡುವೆ ಬಿದ್ದರೆ? ಚಿಂಚೋಳಿಗೆ ಯಾವ ಹೆಲಿಕಾಪ್ಟರ್ ಬರುತ್ತೆ?

ಕಾನೂನೂ ಸುಮ್ಮನಿಲ್ಲ. ಅಪ್ರಾಪ್ತ ಮಗ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಆದರೆ ಬರೀ ಬೈದರೆ, ದಂಡ ಹಾಕಿದರೆ ಹುಮ್ಮಸ್ಸು ನಿಲ್ಲಲ್ಲ. ಕಲಬುರಗಿ ಜಿಲ್ಲೆಗೆ ಒಂದು ಮಣ್ಣಿನ ಟ್ರ್ಯಾಕ್, ಒಬ್ಬ ಕೋಚ್, ಒಂದು ಆಂಬುಲೆನ್ಸ್. ಕೇಳಬೇಕಾದ್ದು ಇಷ್ಟನ್ನೇ. ಅಲ್ಲಿವರೆಗೆ, ಹುಡುಗರೇ, ರಸ್ತೆ ಆಟದ ಮೈದಾನ ಅಲ್ಲ.