ಗೂಗಲ್‌ನಲ್ಲಿ ನಿಮ್ಮ ಅಂಗಡಿ ಇದೆ, ಬೀಗದ ಕೈ ಯಾರ ಹತ್ರ ಇದೆ?

ದಾವಣಗೆರೆಯಲ್ಲಿ ನನ್ನ ಸೋದರಮಾವನದು ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ. ಮಂಡಿಪೇಟೆಯಲ್ಲಿ ಬಾಡಿಗೆ ಜಾಸ್ತಿಯಾಯಿತು ಅಂತ ಕಳೆದ ವರ್ಷ ವಿದ್ಯಾನಗರಕ್ಕೆ ಬಂದರು. ಹಳೇ ಗಿರಾಕಿಗಳಿಗೆ ಫೋನ್ ಮಾಡಿ ಹೇಳಿದರು, ಹೊಸ ಬೋರ್ಡ್ ಹಾಕಿಸಿದರು. ಆದರೆ ಗೂಗಲ್ ಮ್ಯಾಪ್ ಮಾತ್ರ ಜನರನ್ನು ಮಂಡಿಪೇಟೆಗೇ ಕಳಿಸುತ್ತಿತ್ತು. "ಮಿಕ್ಸಿ ಹೊತ್ಕೊಂಡು ಅಲ್ಲಿಗೆ ಹೋಗಿ, ಮುಚ್ಚಿದ ಶಟರ್ ನೋಡಿ ವಾಪಸ್ ಹೋಗ್ತಿದಾರಂತಪ್ಪಾ, ಏನಾರ ಮಾಡು" ಅಂದರು ಮಾವ.

ವಿಳಾಸ ಬದಲಿಸೋಣ ಅಂತ ಕೂತಾಗ ಗೊತ್ತಾಯಿತು, ಅಂಗಡಿಯ ಪುಟ ಮಾವನ ಕೈಯಲ್ಲೇ ಇಲ್ಲ. ಮೂರು ವರ್ಷದ ಹಿಂದೆ ಒಬ್ಬ ಏಜೆಂಟ್ "ಗೂಗಲ್‌ನಲ್ಲಿ ಫಸ್ಟ್ ಬರೋ ಹಾಗೆ ಮಾಡ್ತೀವಿ ಸರ್" ಅಂತ ಎಂಟು ಸಾವಿರ ರೂಪಾಯಿ ತಗೊಂಡು, ತನ್ನದೇ ಇಮೇಲ್‌ನಲ್ಲಿ ಪುಟ ತೆರೆದಿದ್ದ. ಈಗ ಅವನ ಫೋನ್ ಸ್ವಿಚ್ ಆಫ್.

ಸಣ್ಣ ವ್ಯಾಪಾರಿಗಳು ಮೊದಲು ತಿಳಿಯಬೇಕಾದ್ದು ಇಷ್ಟು: ಈ ಪುಟದ ಹೆಸರು ಗೂಗಲ್ ಬ್ಯುಸಿನೆಸ್ ಪ್ರೊಫೈಲ್. 2021ಕ್ಕೆ ಮುಂಚೆ ಇದನ್ನೇ ಗೂಗಲ್ ಮೈ ಬ್ಯುಸಿನೆಸ್ ಅನ್ನುತ್ತಿದ್ದರು. ಇದು ಪೂರ್ತಿ ಉಚಿತ. ದುಡ್ಡು ಕೊಟ್ಟು ಇಲ್ಲಿ ಮೇಲಿನ ಸ್ಥಾನ ಪಡೆಯಲು ಆಗುವುದಿಲ್ಲ ಎಂದು ಗೂಗಲ್ಲೇ ಹೇಳುತ್ತದೆ. ಜಾಹೀರಾತು ಕೊಡಬಹುದು, ಆದರೆ ಅದು ಬೇರೆ ಲೆಕ್ಕ. ಅದರ ಮೇಲೆ ಜಾಹೀರಾತು ಎಂಬ ಗುರುತು ಇರುತ್ತದೆ.

ಹಾಗಾದರೆ ಯಾರ ಅಂಗಡಿ ಮೇಲೆ ಬರುತ್ತದೆ? ಗೂಗಲ್ ಮೂರು ವಿಷಯ ನೋಡುತ್ತದೆ. ಹುಡುಕಿದ್ದಕ್ಕೂ ನಿಮ್ಮ ಕಸುಬಿಗೂ ಎಷ್ಟು ಹೊಂದಾಣಿಕೆ ಇದೆ, ಹುಡುಕುವವರಿಂದ ನೀವು ಎಷ್ಟು ದೂರ ಇದ್ದೀರಿ, ನಿಮ್ಮ ಅಂಗಡಿ ಎಷ್ಟು ಹೆಸರುವಾಸಿ. ದೂರವನ್ನು ನಾವು ಬದಲಿಸಲಾರೆವು. ಉಳಿದ ಎರಡರಲ್ಲಿ ಒಂದಿಷ್ಟು ಕೆಲಸ ಮಾಡಬಹುದು.

ಮೊದಲನೆಯದು, ವಿಭಾಗ. ಮಾವನ ಅಂಗಡಿಯನ್ನು ಏಜೆಂಟ್ 'ಎಲೆಕ್ಟ್ರಾನಿಕ್ಸ್ ಅಂಗಡಿ' ಅಂತ ಸೇರಿಸಿದ್ದ. ಟಿವಿ ಕೊಳ್ಳುವವರಿಗೆ ಕಾಣುತ್ತಿತ್ತು, ಮಿಕ್ಸಿ ಕೆಟ್ಟವರಿಗೆ ಕಾಣುತ್ತಿರಲಿಲ್ಲ. ನೀವು ಮಾಡುವ ಮುಖ್ಯ ಕೆಲಸ ಯಾವುದೋ ಅದನ್ನೇ ಆರಿಸಿ.

ಎರಡನೆಯದು, ಹೆಸರು. ಬೋರ್ಡಿನ ಮೇಲೆ ಇರುವಂತೆಯೇ ಹಾಕಬೇಕು. 'ದಾವಣಗೆರೆಯ ನಂಬರ್ ಒನ್ ಮಿಕ್ಸಿ ರಿಪೇರಿ' ಅಂತೆಲ್ಲ ಬಾಲ ಸೇರಿಸಿದರೆ ನಿಯಮ ಮುರಿದಂತೆ, ಪುಟವನ್ನೇ ಅಮಾನತು ಮಾಡಬಹುದು. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು. ಬೋರ್ಡಿನಲ್ಲಿರುವ ಕನ್ನಡ ಪುಟದ ವಿವರಣೆಯಲ್ಲೂ ಇರಲಿ. ಓದುವ ಗಿರಾಕಿ ನಮ್ಮವರೇ ತಾನೆ?

ಮೂರನೆಯದು, ಸಮಯ. ಅಮಾವಾಸ್ಯೆಗೆ ಅಂಗಡಿ ಮುಚ್ಚುತ್ತೀರಾ? ಹಾಗಿದ್ದರೆ ಆ ದಿನವನ್ನು ರಜೆ ಎಂದು ಮೊದಲೇ ನಮೂದಿಸಿ. 'ತೆರೆದಿದೆ' ಅಂತ ನೋಡಿ ಬಂದವರಿಗೆ ಬೀಗ ಕಂಡರೆ ಅವರು ಮತ್ತೆ ಬರಲ್ಲ, ಬಂದಿದ್ದನ್ನು ರಿವ್ಯೂನಲ್ಲಿ ಬರೆದೂ ಹೋಗ್ತಾರೆ. ಫೋನ್ ನಂಬರು, ವಿಳಾಸ ಬೇರೆ ಕಡೆ ಹಾಕಿದ್ದರೆ ಅಲ್ಲೂ ಒಂದೇ ಥರ ಇರಲಿ.

ನಾಲ್ಕನೆಯದು, ರಿವ್ಯೂ. ಕೆಲಸ ಮುಗಿದ ಮೇಲೆ "ಚೆನ್ನಾಗಿತ್ತಾ? ಎರಡು ಸಾಲು ಬರೀರಿ" ಅಂತ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ರಿಯಾಯಿತಿ ಕೊಟ್ಟು ಬರೆಸುವುದು, ದುಡ್ಡಿಗೆ ಐದು ಸ್ಟಾರ್ ಕೊಳ್ಳುವುದು ಎರಡೂ ನಿಷಿದ್ಧ. ಬೈದು ಬರೆದವರಿಗೂ ಸಮಾಧಾನವಾಗಿ ಉತ್ತರ ಕೊಡಿ. ಆ ಉತ್ತರವನ್ನು ಓದುವುದು ಬೈದವರೊಬ್ಬರೇ ಅಲ್ಲ, ನಾಳೆ ಬರಬೇಕಾದ ಗಿರಾಕಿಯೂ ಓದುತ್ತಾರೆ.

ಇಷ್ಟೆಲ್ಲ ಮಾಡಬೇಕೆಂದರೆ ಪುಟ ನಿಮ್ಮದಾಗಿರಬೇಕು. ಮಾವನ ಪುಟಕ್ಕೆ ನಾವು 'ಮಾಲೀಕತ್ವ ಕೊಡಿ' ಎಂಬ ಕೋರಿಕೆ ಕಳಿಸಿದೆವು. ಕೋರಿಕೆ ಈಗಿನ ಖಾತೆದಾರರಿಗೆ ಹೋಗುತ್ತದೆ. ಅವರು ಗಡುವಿನೊಳಗೆ ಉತ್ತರಿಸದಿದ್ದರೆ, ಅಂಗಡಿ ನಿಮ್ಮದೇ ಎಂದು ತೋರಿಸಿ ಪುಟ ಪಡೆಯುವ ದಾರಿ ಇರುತ್ತದೆ. ಏಜೆಂಟ್ ಉತ್ತರಿಸಲಿಲ್ಲ. ನಾವು ರಸ್ತೆ, ಬೋರ್ಡು, ಮಾವ ಶಟರ್ ತೆಗೆಯುವುದು, ಒಳಗಿನ ರಿಪೇರಿ ಟೇಬಲ್ಲು ಎಲ್ಲ ಕಾಣುವಂತೆ ಒಂದೇ ವಿಡಿಯೋ ತೆಗೆದು ಕಳಿಸಿದೆವು. ಪುಟ ಕೈಗೆ ಬಂತು, ವಿಳಾಸ ಬದಲಾಯಿತು.

ಈಗಲೂ ಮಾವನ ಅಂಗಡಿ ಎಲ್ಲ ಸಲವೂ ಮೊದಲು ಬರುವುದಿಲ್ಲ. ಪಕ್ಕದ ಬಡಾವಣೆಯಿಂದ ಹುಡುಕಿದರೆ ಅಲ್ಲಿನ ಅಂಗಡಿ ಮೇಲೆ ಬರುತ್ತದೆ, ಅದು ಸರಿಯೂ ಹೌದು. ಗಿರಾಕಿ ಅಂಗಡಿಗೆ ಬರುವ ದಾರಿಯನ್ನು ಎಲ್ಲೋ ಇರುವ ಒಂದು ಕಂಪನಿ ತೋರಿಸುವ ಕಾಲ ಇದು. ಅದರ ಬಗ್ಗೆ ನನಗೆ ತಕರಾರಿದೆ. ಆದರೆ ತಕರಾರು ಇಟ್ಟುಕೊಂಡೇ ಇವತ್ತಿನ ವ್ಯಾಪಾರ ಮಾಡಬೇಕಲ್ಲ.

ಏಜೆಂಟರೆಲ್ಲ ಮೋಸಗಾರರಲ್ಲ. ಫೋಟೋ ಹಾಕಲು, ಬರೆಯಲು ಸಹಾಯ ಬೇಕಿದ್ದರೆ ದುಡ್ಡು ಕೊಟ್ಟು ಮಾಡಿಸಿ. ಅವರನ್ನು 'ಮ್ಯಾನೇಜರ್' ಅಂತ ಸೇರಿಸಿಕೊಳ್ಳಿ, ಮಾಲೀಕರು ಮಾತ್ರ ನೀವೇ ಆಗಿರಿ. ಅಂಗಡಿಯ ಬೀಗದ ಕೈಯನ್ನು ಗುರುತು ಪರಿಚಯ ಇಲ್ಲದವರಿಗೆ ಕೊಟ್ಟು ಮನೆಗೆ ಹೋಗ್ತೀವಾ? ಇದೂ ಅಷ್ಟೇ.