ತೋಟದ ವಸ್ತಿಗೆ ನಿಸ್ತಂತು ಜಾಲ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯು ಶಾಸನಾಭ್ಯಾಸಿಗಳಿಗೆ ಸುಪರಿಚಿತವಾದ ಊರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ಕಟ್ಟಿಸಿದ ವಿದ್ಯಾಶಾಲೆಯ ಸಂಗತಿಯನ್ನು ಕ್ರಿ. ಶ. 945ರ ಸ್ತಂಭಶಾಸನವು ತಿಳಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದುವೆಂದೂ ದೀಪದ ವೆಚ್ಚಕ್ಕೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟಿದ್ದರೆಂದೂ ಅದರಿಂದ ತಿಳಿದುಬರುತ್ತದೆ. ಇಂದು ಇದೇ ಸೀಮೆಯಲ್ಲಿ ಓದುವವರಿಗೆ ದೀಪದಷ್ಟೇ ಅಗತ್ಯವಾಗಿರುವುದು ಅಂತರಜಾಲ. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ, ಸಂಪರ್ಕವಿಲ್ಲದ ಮನೆಯ ವಿದ್ಯಾರ್ಥಿಗೆ ಕಾಲೇಜೇ ಇಲ್ಲದಂತಾದುದನ್ನು ಅಧ್ಯಾಪಕರಾದ ನಾವೆಲ್ಲರೂ ಬಲ್ಲೆವು.

ಊರೊಳಗಿನ ಮನೆಗೆ ಗಾಜಿನ ಎಳೆಯ ಸಂಪರ್ಕ ಬಂದಿದ್ದರೂ ಸಮಸ್ಯೆ ಮುಗಿಯುವುದಿಲ್ಲ. ಓದುವ ಹುಡುಗಿಯ ಕೋಣೆ ಅಂಗಳದ ಆಚೆಗಿರಬಹುದು. ಇಲ್ಲವೆ ಕುಟುಂಬದ ಅರ್ಧ ಜನ ಲಿಂಬೆಯ ತೋಟದ ವಸ್ತಿಯಲ್ಲಿ ಇರಬಹುದು. ಒಂದು ಸಂಪರ್ಕಕ್ಕೆ ತಿಂಗಳ ಹಣ ಕಟ್ಟಿದವರು ಇನ್ನೊಂದು ಕಟ್ಟಡಕ್ಕೆ ಮತ್ತೊಂದನ್ನು ಕೊಳ್ಳದೆ ಇದನ್ನೇ ಮುಟ್ಟಿಸುವುದು ಹೇಗೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಮನೆಯ ರೂಟರು ಸೆಕೆಂಡಿಗೆ ಸುಮಾರು 240 ಕೋಟಿ ಅಥವಾ 500 ಕೋಟಿಗೂ ಮಿಕ್ಕಿದ ಆವೃತ್ತಿಯ ವಿದ್ಯುತ್ಕಾಂತ ತರಂಗಗಳನ್ನು ಹೊಮ್ಮಿಸುತ್ತದೆ. ಮೊದಲನೆಯವುಗಳ ತರಂಗದೂರ ಹನ್ನೆರಡೂವರೆ ಸೆಂಟಿಮೀಟರು. ಎರಡನೆಯವುಗಳದು ಐದಾರು ಸೆಂಟಿಮೀಟರು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ದೊರೆಯುವ ಶಕ್ತಿ ನಾಲ್ಕರಲ್ಲೊಂದು ಪಾಲಾಗುತ್ತದೆ. ಈ ನಷ್ಟ ಲೆಕ್ಕಕ್ಕೆ ಸಿಕ್ಕುವಂಥದು; ಅದನ್ನು ಉಪಕರಣಗಳು ತಾಳಿಕೊಳ್ಳಬಲ್ಲವು. ತಾಳಲಾಗದುದು ಗೋಡೆಯ ನಷ್ಟ. ಈ ಭಾಗದ ಹಳೆಯ ಮನೆಗಳ ಗೋಡೆಗಳು ಕರಿಕಲ್ಲು ಮತ್ತು ಮಣ್ಣಿನವು. ಎರಡಡಿ ದಪ್ಪವಿರುವುದು ಅಪರೂಪವಲ್ಲ. ಮೇಲಿನ ಮಣ್ಣಿನ ಮಾಳಿಗೆಯೂ ದಪ್ಪವೇ. ಬೇಸಿಗೆಯಲ್ಲಿ ತಂಪು ಕೊಡುವ ಇವು ತರಂಗಗಳ ಪಾಲಿಗೆ ಶತ್ರುಗಳು. ಮಳೆಗಾಲದಲ್ಲಿ ನೀರು ಕುಡಿದ ಗೋಡೆಯಂತೂ ಇನ್ನೂ ಹೆಚ್ಚು ಹೀರುತ್ತದೆ. ಆಚೆಯ ಕಟ್ಟಡ ಪತ್ರಾಸಿನ ಶೆಡ್ಡಾದರೆ ಲೋಹದ ತಗಡು ಬಂದ ಅಲೆಗಳನ್ನು ಹೀರದೆ ಹಿಂದಕ್ಕೆ ಎರಚುತ್ತದೆ.

ಆದುದರಿಂದ ಹೆಚ್ಚು ಶಕ್ತಿಯ ರೂಟರನ್ನು ತಂದರಾಯಿತೆಂದು ಅನೇಕರು ಭಾವಿಸುತ್ತಾರೆ. ಅಂಗಡಿಯವರೂ ಹಾಗೆಯೇ ಹೇಳುತ್ತಾರೆ! 1895ರಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಗೋಡೆಗಳ ಆಚೆಗೆ ಅಲೆಗಳನ್ನು ಕಳಿಸಿ ಗಂಟೆ ಬಾರಿಸಿ ತೋರಿಸಿದ್ದರು. ಆದರೆ ಗಂಟೆ ಮರುಮಾತಾಡಬೇಕಾಗಿರಲಿಲ್ಲ. ಜಾಲದಲ್ಲಿ ಹಾಗಲ್ಲ, ಕಳಿಸಿದ ಪ್ರತಿಯೊಂದು ತುಣುಕಿಗೂ ಆಚೆಯಿಂದ ಸ್ವೀಕೃತಿ ಬರಬೇಕು. ಮೊಬೈಲಿನ ಪ್ರೇಷಣಶಕ್ತಿ ಒಂದು ವಾಟಿನ ಹತ್ತರಲ್ಲೊಂದು ಪಾಲಿನ ಆಸುಪಾಸು, ಅನೇಕ ವೇಳೆ ಅದಕ್ಕೂ ಕಡಿಮೆ. ರೂಟರು ಎಷ್ಟು ಗಟ್ಟಿಯಾಗಿ ಕೂಗಿದರೂ ಮೊಬೈಲಿನ ಪಿಸುಮಾತು ಎರಡು ಗೋಡೆಗಳನ್ನು ದಾಟಿ ಮರಳದು. ಪರದೆಯ ಮೇಲೆ ಸಂಕೇತದ ಗೆರೆಗಳು ತುಂಬಿ ಕಂಡರೂ ಪುಟ ತೆರೆಯದಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಮಧ್ಯದಲ್ಲೊಂದು ಪುನಃಪ್ರಸಾರಕವನ್ನು ಇಡುವುದು ಮತ್ತೊಂದು ರೂಢಿ. ಒಂದೇ ಆವೃತ್ತಿಯಲ್ಲಿ ಕೇಳುವ ಹಾಗೂ ಹೇಳುವ ಸಾಧನವು ಎರಡನ್ನೂ ಸರದಿಯಲ್ಲಿ ಮಾಡಬೇಕಾಗುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಅಲ್ಲದೆ ಸಂಕೇತ ಬಾರದ ಕೋಣೆಯಲ್ಲೇ ಅದನ್ನು ಇಟ್ಟರೆ ಪುನಃ ಪ್ರಸಾರ ಮಾಡಲು ಅದಕ್ಕೆ ಏನೂ ಸಿಕ್ಕುವುದಿಲ್ಲ.

ಸರಿಯಾದ ಮಾರ್ಗವೆಂದರೆ ಸಂಪರ್ಕವನ್ನು ಮೊದಲು ತಂತಿಯ ಮೂಲಕ ಗೋಡೆಯ ಹೊರಗೆ ತರುವುದು. ಆಚೆಯ ಕಟ್ಟಡದಲ್ಲಿಯೂ ತಂತಿಯಿಂದಲೇ ಒಳಕ್ಕೆ ಒಯ್ಯುವುದು. ಗೋಡೆಗಳನ್ನು ತಂತಿ ದಾಟಲಿ, ಬಯಲನ್ನು ಅಲೆ ದಾಟಲಿ. ಎರಡು ಮಾಳಿಗೆಗಳ ಮೇಲೆ ಪರಸ್ಪರ ಎದುರಾಗಿ ನಿಲ್ಲಿಸಿದ, ಒಂದೇ ದಿಕ್ಕಿಗೆ ಶಕ್ತಿಯನ್ನು ಕೂಡಿಸುವ ಎರಡು ಸಾಧನಗಳು ಇದಕ್ಕೆ ಸಾಕು. ಎರಡೂ ಸಮಬಲದವಾದ್ದರಿಂದ ಮೇಲೆ ಹೇಳಿದ ಪಿಸುಮಾತಿನ ತೊಡಕು ಇಲ್ಲಿಲ್ಲ. ವಸ್ತಿಯ ಒಳಗೆ ಹಳೆಯ ರೂಟರೊಂದನ್ನು ಜೋಡಿಸಬಹುದು. ಆದರೆ ಸಾಧನಗಳಿಗೆ ವಿಳಾಸ ಹಂಚುವ ಕಾರ್ಯವನ್ನು ಊರ ಮನೆಯ ರೂಟರಿಗೇ ಬಿಟ್ಟು ಇದರಲ್ಲಿ ನಿಲ್ಲಿಸಬೇಕು. ಎರಡೂ ಹಂಚತೊಡಗಿದರೆ ಗೊಂದಲವೇ.

ಇಲ್ಲಿ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ಕಣ್ಣಿಗೆ ಆಚೆಯ ತುದಿ ಕಂಡ ಮಾತ್ರಕ್ಕೆ ದಾರಿ ನಿರ್ಬಾಧವೆಂದು ತಿಳಿಯಲಾಗದು. ಅಲೆಯು ದಾರದಂತೆ ಸಾಗದೆ ನಡುವೆ ಉಬ್ಬಿದ ಕದಿರಿನಾಕಾರದ ಪ್ರದೇಶವನ್ನು ವ್ಯಾಪಿಸುತ್ತದೆ. ಇದಕ್ಕೆ ಫ್ರೆನೆಲ್ ವಲಯವೆಂದು ಹೆಸರು. ನಟ್ಟನಡುವೆ ಅದರ ತ್ರಿಜ್ಯವು ತರಂಗದೂರ ಮತ್ತು ಒಟ್ಟು ದೂರಗಳ ಗುಣಲಬ್ಧದ ವರ್ಗಮೂಲದಲ್ಲಿ ಅರ್ಧ. ಮನೆಗೂ ವಸ್ತಿಗೂ 200 ಮೀಟರು ಅಂತರವಿದ್ದು ತರಂಗದೂರ 0.125 ಮೀಟರಾದರೆ ಗುಣಲಬ್ಧ 25, ವರ್ಗಮೂಲ 5, ತ್ರಿಜ್ಯ ಎರಡೂವರೆ ಮೀಟರು. ಇದರ ನೂರಕ್ಕೆ ಅರವತ್ತರಷ್ಟಾದರೂ, ಎಂದರೆ ಒಂದೂವರೆ ಮೀಟರು, ತೆರವಾಗಿರಬೇಕು. ನಡುವೆ ನಾಲ್ಕು ಮೀಟರು ಎತ್ತರದ ಲಿಂಬೆಯ ಗಿಡಗಳಿದ್ದರೆ ಸಾಧನಗಳು ನೆಲದಿಂದ ಐದೂವರೆ ಮೀಟರಿಗೆ ಕಡಿಮೆಯಿಲ್ಲದಂತೆ ನಿಲ್ಲಬೇಕೆಂದಾಯಿತು. ಎಲೆಗಳಲ್ಲಿ ನೀರಿರುವುದರಿಂದ ಅವು ಅಲೆಗಳನ್ನು ಹೀರುತ್ತವೆ. ಗಿಡ ವರ್ಷವರ್ಷವೂ ಬೆಳೆಯುತ್ತದೆಂಬುದನ್ನು ಕಂಬ ನೆಡುವಾಗಲೇ ನೆನೆಯುವುದು ಲೇಸು. 580 ಕೋಟಿ ಆವೃತ್ತಿಯನ್ನು ಆರಿಸಿದರೆ ತ್ರಿಜ್ಯ 1.6 ಮೀಟರಿಗೆ ಇಳಿದು ಕಂಬ ಗಿಡ್ಡವಾಗಬಹುದು. ಬಯಲಿನ ದಾರಿಗೆ ನಾವು ಇದನ್ನೇ ಮೆಚ್ಚುತ್ತೇವೆ. 240 ಕೋಟಿಯ ಪಟ್ಟಿಯನ್ನು 2005ರಲ್ಲಿಯೂ 500 ಕೋಟಿಯ ಮೇಲಿನ ಪಟ್ಟಿಗಳನ್ನು 2018ರಲ್ಲಿಯೂ ಭಾರತ ಸರ್ಕಾರವು ನಿಯತ ಶಕ್ತಿಮಿತಿಯೊಳಗೆ ಪರವಾನಗಿಯಿಂದ ಮುಕ್ತಗೊಳಿಸಿತು.

ಅಂಗಳದಾಚೆಯ ಕೋಣೆಗಾದರೆ ಇಷ್ಟೆಲ್ಲ ಬೇಡ. ತಾಮ್ರದ ಜಾಲತಂತಿ 100 ಮೀಟರಿನವರೆಗೆ ನಡೆಯುತ್ತದೆ. ಆದರೆ ರೋಹಿಣಿ ಮಳೆಯ ಸಿಡಿಲನ್ನು ಕಂಡವರು ಎರಡು ಕಟ್ಟಡಗಳನ್ನು ತಾಮ್ರದಿಂದ ಬೆಸೆಯಲು ಹಿಂಜರಿಯಬೇಕು. ಹತ್ತಿರ ಸಿಡಿಲು ಬಡಿದಾಗ ಎರಡು ಕಡೆಯ ನೆಲದ ವಿದ್ಯುದ್ವಿಭವದಲ್ಲಿ ಭಾರಿ ಅಂತರವುಂಟಾಗಿ ಆ ತಂತಿಯೇ ಅದಕ್ಕೆ ಹಾದಿಯಾಗುತ್ತದೆ. ಲೋಹವಿಲ್ಲದ ಗಾಜಿನ ಎಳೆಯನ್ನು ಕೊಳವೆಯಲ್ಲಿ ಹೂಳಿದರೆ ಈ ಭಯವಿಲ್ಲ. ಮಾಳಿಗೆಯ ಮೇಲಿನ ಕಂಬಕ್ಕೆ ಭೂಸಂಪರ್ಕವನ್ನು ಎಂದೂ ತಪ್ಪಿಸಕೂಡದು.

ಕೊನೆಗೆ ವಿದ್ಯುತ್ತು. ತೋಟದ ಪಂಪಿಗೆ ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಕೆಲವೇ ತಾಸು ಬರುತ್ತದೆ. ವಸ್ತಿಯ ಜಾಲವನ್ನು ಅದಕ್ಕೆ ಕಟ್ಟಿಹಾಕಲಾಗದು. ಮಾಳಿಗೆಯ ಸಾಧನಕ್ಕೂ ಒಳಗಿನ ರೂಟರಿಗೂ ಕೂಡಿ ಬೇಕಾಗುವುದು ಸಾಮಾನ್ಯವಾಗಿ 20 ವಾಟಿಗಿಂತ ಕಡಿಮೆ. ಸಂಜೆ ಆರರಿಂದ ಹತ್ತರವರೆಗೆ ಓದಲು 80 ವಾಟ್-ಗಂಟೆಗಳು ಸಾಕು. ಸಣ್ಣದೊಂದು ಸೌರಫಲಕವೂ ಬ್ಯಾಟರಿಯೂ ಇದನ್ನು ನಿರಾಯಾಸವಾಗಿ ಒದಗಿಸುತ್ತವೆ, ಉಳಿದುದರಲ್ಲಿ ದೀಪವೊಂದನ್ನು ಉರಿಸಲೂಬಹುದು.