ಓದು ಮತ್ತು ಅರಿವು: ಹೊಳಲ್ಕೆರೆ ಸೀಮೆಯ ಅಕ್ಷರಪ್ರಶ್ನೆಗೆ ಒಂದು ದೈವಶಾಸ್ತ್ರೀಯ ವಿವೇಚನೆ

ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ವ್ಯಕ್ತಿ ಯಾವುದಾದರೊಂದು ಭಾಷೆಯಲ್ಲಿ ಅರ್ಥ ತಿಳಿದು ಓದಲು, ಬರೆಯಲು ಶಕ್ತನಾದರೆ ಅವನು ಸಾಕ್ಷರ. ಇದು ಭಾರತದ ಜನಗಣತಿಯು ಸಾಕ್ಷರತೆಗೆ ಕೊಡುವ ಲಕ್ಷಣ. 2011ರ ಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇಕಡ 75.4, ಚಿತ್ರದುರ್ಗ ಜಿಲ್ಲೆಯದು ಶೇಕಡ 73.7. ರಾಜ್ಯದ ಪುರುಷರಲ್ಲಿ ಅದು ಶೇಕಡ 82ರಷ್ಟಿದ್ದರೆ ಮಹಿಳೆಯರಲ್ಲಿ 68ರಷ್ಟು. ಆದರೆ ಗಣತಿದಾರನು ಯಾರನ್ನೂ ಓದಿಸಿ ನೋಡುವುದಿಲ್ಲ. ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾನೆ. ಹೀಗಾಗಿ ಆ ಲಕ್ಷಣದ ಜೀವಾಳವಾದ ‘ಅರ್ಥ ತಿಳಿದು’ ಎಂಬ ಮಾತು ಅಂಕಿಯೊಳಗೆ ಬರುವುದೇ ಇಲ್ಲ.

ಮಕ್ಕಳನ್ನು ಓದಿಸಿ ನೋಡಿದವರು ಕಂಡದ್ದು ಬೇರೆಯೇ ಚಿತ್ರ. 2018ರಲ್ಲಿಯೂ 2022ರಲ್ಲಿಯೂ ನಡೆದ ಅಸರ್ ಸಮೀಕ್ಷೆಗಳ ಪ್ರಕಾರ, ಗ್ರಾಮೀಣ ಕರ್ನಾಟಕದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಅರ್ಧಕ್ಕಿಂತ ಕಡಿಮೆ. ಮಗು ಶಾಲೆಯಲ್ಲಿದೆ, ಹಾಜರಿ ಪುಸ್ತಕದಲ್ಲಿ ಹೆಸರಿದೆ, ಬಿಸಿಯೂಟವಿದೆ. ಓದು ಮಾತ್ರ ಬಂದಿಲ್ಲ. ಇದನ್ನು ಸರ್ಕಾರದ ಸಮಸ್ಯೆಯೆಂದು ಬದಿಗಿಡದೆ ಧರ್ಮಸಭೆಯ ಪ್ರಶ್ನೆಯಾಗಿ ಏಕೆ ಪರಿಗಣಿಸಬೇಕು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಮೂರು ತೊಡಕುಗಳು

ಮೊದಲನೆಯದು ಭಾಷೆ. ಹೊಳಲ್ಕೆರೆ ಸೀಮೆಯಲ್ಲಿ ಲಂಬಾಣಿ ತಾಂಡಾಗಳು ಹಲವು. ಕನ್ನಡ ದ್ರಾವಿಡ ನುಡಿ. ಲಂಬಾಣಿ ಇಂಡೋ-ಆರ್ಯ ಕುಲದ್ದು, ರಾಜಸ್ಥಾನದ ನುಡಿಗಳ ಬಂಧು. ಮನೆಯಲ್ಲಿ ‘ಯಾಡಿ’ ಎಂದು ಕರೆಯುವ ಮಗು ಶಾಲೆಯಲ್ಲಿ ‘ತಾಯಿ’ ಎಂದು ಓದಬೇಕು. ಮನೆಯ ‘ಪಾಣಿ’ ಅಲ್ಲಿ ‘ನೀರು’. ಆರು ವರ್ಷದ ಕೂಸು ಹೊಸ ಲಿಪಿಯನ್ನೂ ಹೊಸ ಭಾಷೆಯನ್ನೂ ಏಕಕಾಲದಲ್ಲಿ ಕಲಿಯಬೇಕಾಗುತ್ತದೆ. ಅಕ್ಷರ ಕೂಡಿಸಿ ಉಚ್ಚರಿಸುವುದು ಅದಕ್ಕೆ ಬರಬಹುದು; ಉಚ್ಚರಿಸಿದ ಪದ ಅದರೊಳಗೆ ಏನನ್ನೂ ಎಬ್ಬಿಸುವುದಿಲ್ಲ.

ಎರಡನೆಯದು ಗುಳೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಲಿಯ ಕುಟುಂಬಗಳು ಕಾಫಿ ಕೊಯ್ಲಿಗಾಗಿ ಮಲೆನಾಡಿನ ತೋಟಗಳಿಗೆ ಹೊರಡುತ್ತವೆ. ಕೊಯ್ಲಿನ ತಿಂಗಳುಗಳೇ ಪಾಠದ ತಿಂಗಳುಗಳು. ಹಿಂದಿರುಗುವ ಹೊತ್ತಿಗೆ ತರಗತಿ ಮುಂದೆ ಸಾಗಿರುತ್ತದೆ.

ಮೂರನೆಯದು ಹೆಣ್ಣುಮಗಳ ಸ್ಥಿತಿ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಎಂಟನೆಯ ತರಗತಿ ಮುಗಿದ ಬಳಿಕ ಪ್ರೌಢಶಾಲೆ ದೂರವಿದ್ದರೆ ಮೊದಲು ನಿಲ್ಲುವುದು ಹುಡುಗಿಯ ಓದು. ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಹಟ್ಟಿಯ ಹೊರಗಿರಿಸುವ ರೂಢಿಯೂ ಪೂರ್ತಿ ಅಳಿದಿಲ್ಲ. ಅಂತಹ ಕಡೆ ಪ್ರತಿ ತಿಂಗಳೂ ಓದಿನ ದಿನಗಳು ಕಳೆದುಹೋಗುತ್ತವೆ.

ಪವಿತ್ರ ಗ್ರಂಥದ ಸಾಕ್ಷ್ಯ

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದ ಇಥಿಯೋಪಿಯದ ಅಧಿಕಾರಿ ನಿರಕ್ಷರಿಯಲ್ಲ. ರಾಣಿಯ ಬೊಕ್ಕಸ ನೋಡಿಕೊಳ್ಳುವವನು. ರಥದಲ್ಲಿ ಕುಳಿತು ಯೆಶಾಯನ ಪ್ರವಾದನೆಯನ್ನು ಓದುತ್ತಿದ್ದಾನೆ. ಫಿಲಿಪ್ಪನು ಅವನನ್ನು ಕೇಳುವುದು ಓದು ಬರುತ್ತದೆಯೇ ಎಂದಲ್ಲ, ಓದಿದ್ದು ತಿಳಿಯುತ್ತಿದೆಯೇ ಎಂದು. ದಾರಿ ತೋರುವವರಿಲ್ಲದೆ ಹೇಗೆ ತಿಳಿದೀತು ಎಂಬುದು ಅವನ ಮರುಪ್ರಶ್ನೆ. ಫಿಲಿಪ್ಪನು ರಥವನ್ನೇರಿ ಅವನ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ವಿವರಣೆ ಆರಂಭವಾಗುವುದು ಆ ಬಳಿಕ.

ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯವೂ ಇದನ್ನೇ ಸಾರುತ್ತದೆ. ಎಜ್ರನು ಪುರುಷರ, ಸ್ತ್ರೀಯರ, ಗ್ರಹಿಸಬಲ್ಲ ಎಲ್ಲರ ಮುಂದೆ ಧರ್ಮಶಾಸ್ತ್ರವನ್ನು ಓದುತ್ತಾನೆ. ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸುತ್ತಾರೆ. ತಿಳಿದ ಜನರು ಮೊದಲು ಅಳುತ್ತಾರೆ, ಅನಂತರ ಏನೂ ಇಲ್ಲದವರಿಗೆ ಊಟದ ಪಾಲನ್ನು ಕಳುಹಿಸಿ ಸಂಭ್ರಮಿಸುತ್ತಾರೆ. ಅರಿವು ಹಂಚಿಕೆಯಲ್ಲಿ ಕೊನೆಗೊಳ್ಳುತ್ತದೆ.

ಧರ್ಮಸಭೆಯ ಬೋಧನೆ ಈ ನೆಲೆಯಲ್ಲೇ ಬೆಳೆದಿದೆ. ವಿಶ್ವಾಸಿಗಳೆಲ್ಲರಿಗೂ ಪವಿತ್ರ ಗ್ರಂಥ ಸುಲಭವಾಗಿ ದೊರೆಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ದೇಯಿ ವೆರ್ಬುಂ’ 1965ರಲ್ಲಿ ವಿಧಿಸಿತು. ಓದಲು ಬಾರದವರಿಗೆ, ಓದಿಯೂ ತಿಳಿಯದವರಿಗೆ, ಆ ಬಾಗಿಲು ಅರ್ಧ ಮಾತ್ರ ತೆರೆದಿರುತ್ತದೆ. 1967ರ ‘ಪೊಪುಲೋರುಂ ಪ್ರೊಗ್ರೆಸ್ಸಿಯೊ’ ವಿಶ್ವಪತ್ರದಲ್ಲಿ ವಿಶ್ವಗುರು ಆರನೆಯ ಪೌಲರು ವಿದ್ಯೆಯ ಹಸಿವನ್ನು ಅನ್ನದ ಹಸಿವಿಗೆ ಸಮನಾಗಿ ಎಣಿಸಿ, ಮೂಲ ಶಿಕ್ಷಣವೇ ಅಭಿವೃದ್ಧಿಯ ಮೊದಲ ಗುರಿಯೆಂದರು.

ನೆಲದ ಪಾಠ

ಹೊಳಲ್ಕೆರೆ ತಾಲ್ಲೂಕಿಗೆ ತನ್ನದೇ ಆದ ಸಾಕ್ಷಿಯೂ ಇದೆ. ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿಯವರು ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಸ್ಥಾಪಿಸಿ, ಜೋಳಿಗೆ ಹಿಡಿದು ಬೇಡಿ ತಂದ ಹಣದಿಂದ ಶಾಲೆಗಳನ್ನು ಕಟ್ಟಿದರು. ಅವರ ಆತ್ಮಕಥೆಯ ಹೆಸರೂ ‘ಜೋಳಿಗೆಯ ಪವಾಡ’. ಬಡವನಿಗೆ ವಿದ್ಯೆ ಕೊಡಲು ಕೊಡುವವನೇ ಬಡವನಾದ ಆ ಮಾದರಿಯ ಎದುರು ನಮ್ಮ ಸಂಸ್ಥೆಗಳನ್ನು ಇಟ್ಟು ನೋಡಬೇಕು. ಪಟ್ಟಣಗಳಲ್ಲಿ ನಾವು ನಡೆಸುವ ಅನೇಕ ಶಾಲೆಗಳು ಇಂಗ್ಲಿಷ್ ಮಾಧ್ಯಮದವು, ಶುಲ್ಕ ತೆರಬಲ್ಲವರವು. ಅವುಗಳ ಶಿಸ್ತಿಗೆ ಮನ್ನಣೆಯಿದೆ, ಅವುಗಳಿಂದ ಒಳಿತೂ ಆಗಿದೆ. ಆದರೆ ತಾಂಡಾದ ಮಗು ಅವುಗಳ ಗೇಟಿನ ಹೊರಗೇ ಉಳಿದರೆ ನಮ್ಮ ಶಿಕ್ಷಣಸೇವೆ ಯಾರ ಸೇವೆ ಎಂಬ ಪ್ರಶ್ನೆ ತಪ್ಪದು.

ಧರ್ಮಕೇಂದ್ರವು ಮಾಡಬಹುದಾದದ್ದು

ಚಿತ್ರದುರ್ಗ ಜಿಲ್ಲೆ ಸೇರಿರುವ ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ರಚನೆಯಾಯಿತು. ಈ ಭಾಗದಲ್ಲಿ ಕ್ರೈಸ್ತರು ವಿರಳ. ಆದುದರಿಂದ ಇಲ್ಲಿಯ ಅಕ್ಷರಸೇವೆ ಬಹುತೇಕ ಅನ್ಯಮತೀಯ ಮಕ್ಕಳ ಸೇವೆಯೇ ಆಗಿರುತ್ತದೆ. ಅದು ಮತಾಂತರದ ಆಮಿಷವಾಗಬಾರದು, ಆಮಿಷವೆಂಬ ಸಂಶಯಕ್ಕೂ ಎಡೆಗೊಡಬಾರದು. ಮಗು ದೇವರ ಪ್ರತಿರೂಪವೆಂಬುದೇ ಅದಕ್ಕೆ ಸಾಕಾದ ಕಾರಣ.

ಹೊಸ ಕಟ್ಟಡ ಬೇಕಿಲ್ಲ. ಸಂಜೆಯ ಒಂದು ಗಂಟೆ, ಒಂದು ಚಾಪೆ, ಮನೆನುಡಿ ಬಲ್ಲ ತಾಂಡಾದ ಒಬ್ಬ ಯುವತಿ ಸಾಕು. ‘ಪಾಣಿ’ಯಿಂದ ‘ನೀರಿ’ಗೆ ಆಕೆ ಸೇತುವೆಯಾಗುತ್ತಾಳೆ. ಬ್ರೆಜಿಲಿನ ಆಂಜಿಕೋಸ್‌ನಲ್ಲಿ 1963ರಲ್ಲಿ ಪೌಲೊ ಫ್ರೇರೆ ಸುಮಾರು 300 ಮಂದಿ ಶ್ರಮಿಕರಿಗೆ ಓದು ಕಲಿಸಿದ್ದು ಅವರ ಬದುಕಿನ ಪದಗಳಿಂದಲೇ. ಗುಳೆಯಿಂದ ಮರಳಿದ ಮಕ್ಕಳಿಗೆ ತಪ್ಪಿದ ಪಾಠಗಳನ್ನು ಹೇಳಿಕೊಡುವುದು, ಎಂಟನೆಯ ತರಗತಿ ಮುಗಿಸಿದ ಹುಡುಗಿಯರ ಮನೆಗೆ ಹೋಗಿ ಹೆತ್ತವರೊಡನೆ ಮಾತನಾಡುವುದು, ಸರ್ಕಾರಿ ಶಾಲೆಯ ಶಿಕ್ಷಕರೊಡನೆ ಕೈಜೋಡಿಸುವುದು, ಇವೂ ಯಾಜಕನ ವ್ಯಾಪ್ತಿಯೊಳಗಿನ ಕೆಲಸಗಳೇ.

ಗುರುಮಠದ ವಿದ್ಯಾರ್ಥಿಗಳಿಗೆ ಇದು ತರಬೇತಿಯ ಹೊರಗಿನ ಸಮಾಜಕಾರ್ಯವಲ್ಲ. ನಾಳೆ ಪೀಠದಿಂದ ವಾಕ್ಯವನ್ನು ವಿವರಿಸಬೇಕಾದವನು, ಕೇಳುವವನ ಪಕ್ಕದಲ್ಲಿ ಕುಳಿತು ಅವನಿಗೆ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ಅರಿಯುವುದನ್ನು ಕಲಿಯುವ ಪಾಠಶಾಲೆಯೇ ಆ ಚಾಪೆ.